ಊರು ಬಿಡುವ ಹಕ್ಕು

ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಮಗ ಕೊಣಾಜೆಗೆ ಹೋಗುತ್ತಾನಂತೆ, ಮಗಳಿಗೆ ಮೈಸೂರಿನಲ್ಲಿ ಸೀಟು ಸಿಕ್ಕಿತಂತೆ. ಏನು ಕಟ್ಟಿಕೊಡಬೇಕು, ಯಾರಿಗೆ ಹೇಳಿ ಕಳಿಸಬೇಕು, ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ. ಉಳ್ಳವರ ಮನೆಯಲ್ಲಿ ಈ ಮಾತಿಗೆ ಉತ್ತರ ಸುಲಭ. ಅಲ್ಲಿ ಅಜ್ಜನೂ ಪೇಟೆಯಲ್ಲಿ ಓದಿದವನೇ, ಮಾವನ ಮನೆ ಮೈಸೂರಿನಲ್ಲೇ ಉಂಟು. ನಮ್ಮ ಮನೆಗಳಲ್ಲಿ ಈ ಮಾತು ಶುರುವಾದದ್ದೇ ಮೊನ್ನೆ ಮೊನ್ನೆ. ಆದ್ದರಿಂದ ಏನು ಕಟ್ಟಿಕೊಡಬೇಕು ಎಂದು ಕೇಳುವ ಮೊದಲು ಬೇರೊಂದು ಪ್ರಶ್ನೆ ಕೇಳಬೇಕಾಗಿದೆ. ನಮ್ಮ ಮಗುವಿಗೆ ಊರು ಬಿಡುವ ಹಕ್ಕು ಯಾವಾಗ ಬಂತು? ಯಾರು ತಡೆದಿದ್ದರು? ಯಾರು ಬಾಗಿಲು ತೆಗೆದರು?

ಶಿಕ್ಷಣದ ಚರಿತ್ರೆಯನ್ನು ಶಾಲೆಗಳ ಚರಿತ್ರೆಯಾಗಿ, ಮೇಷ್ಟ್ರುಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಯಾವ ಇಸವಿಯಲ್ಲಿ ಯಾವ ಶಾಲೆ, ಯಾರು ದಾನಿ, ಯಾರು ಉದ್ಘಾಟಕ. ನಮ್ಮವರ ಚರಿತ್ರೆಯನ್ನು ಹಾಗೆ ಬರೆದರೆ ಸುಳ್ಳಾಗುತ್ತದೆ. ಶಾಲೆ ಇದ್ದರೂ ನಾವು ಹೋಗಲಿಲ್ಲ, ಕಾಲೇಜು ಇದ್ದರೂ ಸೇರಲಿಲ್ಲ. ಯಾಕೆಂದರೆ ಪೇಟೆಯಲ್ಲಿ ನಮಗೆ ಅನ್ನ ಇಕ್ಕುವ ಮನೆ ಇರಲಿಲ್ಲ, ತಲೆ ಊರುವ ಚಾವಡಿ ಇರಲಿಲ್ಲ. ನಮ್ಮ ಓದಿನ ಚರಿತ್ರೆ ಎಂದರೆ ಪರವೂರಿನಲ್ಲಿ ಸಿಕ್ಕಿದ ಒಂದು ಬಟ್ಟಲು ಗಂಜಿಯ, ಒಂದು ಚಾಪೆಯ ಚರಿತ್ರೆ.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪೆನಿಯ ವೈದ್ಯ ಈ ಸೀಮೆಯನ್ನು ನೋಡಿಕೊಂಡು ಹೋದ. ಟಿಪ್ಪು ಸತ್ತು ಎರಡು ವರ್ಷ ತುಂಬಿರಲಿಲ್ಲ. ಹೊಸ ಒಡೆಯರಿಗೆ ನೆಲ ಎಷ್ಟು, ಬೆಳೆ ಏನು, ದುಡಿಯುವವರು ಯಾರು ಎಂಬ ಲೆಕ್ಕ ಬೇಕಿತ್ತು. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಎಲ್ಲವೂ ಅವನ ದಾರಿಯಲ್ಲಿ ಬರುತ್ತವೆ. ಗದ್ದೆಗೆ ಇಳಿಯುವವರಲ್ಲಿ ಅವನು ಎರಡು ಬಗೆ ಕಂಡ. ಒಬ್ಬ ಕೂಲಿಯಾಳು, ದುಡಿದು ಕೂಲಿ ಪಡೆಯುವವ. ಇನ್ನೊಬ್ಬ ಮೂಲದಾಳು, ಬೆಲೆ ಕೊಟ್ಟು ಕೊಂಡವ. ಬಸದಿ, ಗುತ್ತು, ಬೀಡುಗಳ ವೈಭವ ಹೇಳುವವರು ಈ ಎರಡನೆಯ ಶಬ್ದವನ್ನು ಹೇಳುವುದಿಲ್ಲ. ನಾವು ಹೇಳಲೇಬೇಕು. ಯಾಕೆಂದರೆ ಮೂಲದಾಳಿನ ಮಗು ಹುಟ್ಟುವಾಗಲೇ ಒಂದು ಗದ್ದೆಗೆ ಸೇರಿದ್ದು. ಅದು ಊರು ಬಿಟ್ಟರೆ ಓಡಿಹೋದದ್ದು ಎಂದೇ ಅರ್ಥ. ಒಡೆಯನ ಮಗ ಊರು ಬಿಟ್ಟರೆ ಪ್ರಯಾಣ, ಆಳಿನ ಮಗ ಬಿಟ್ಟರೆ ಕಳ್ಳತನ!

1843ರಲ್ಲಿ ಕಂಪೆನಿ ಸರಕಾರ ಐದನೇ ಕಾಯಿದೆ ಮಾಡಿತು. ಇನ್ನು ಮುಂದೆ ಯಾವ ಕೋರ್ಟೂ ಯಾರನ್ನೂ ಗುಲಾಮನೆಂದು ಒಪ್ಪುವುದಿಲ್ಲ ಎಂದಿತು. 1860ರ ದಂಡಸಂಹಿತೆ ಮನುಷ್ಯನನ್ನು ಗುಲಾಮನೆಂದು ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಕಾಯಿದೆ ಬಂತು, ಸಾಲ ಉಳಿಯಿತು. ಮದುವೆಗೆ ಕೊಟ್ಟ ಅಕ್ಕಿ, ಸಾವಿಗೆ ಕೊಟ್ಟ ಬಟ್ಟೆ, ಮಳೆಗಾಲಕ್ಕೆ ಕೊಟ್ಟ ಭತ್ತ ಎಲ್ಲವೂ ಧಣಿಯ ಪುಸ್ತಕದಲ್ಲಿ ಏರಿತು. ಅಪ್ಪನ ಸಾಲಕ್ಕೆ ಮಗ ದನ ಕಾಯಬೇಕು. ಜೀತಪದ್ಧತಿ ರದ್ದು ಎಂದು ದೇಶದ ಕಾಯಿದೆ ಹೇಳಿದ್ದು 1976ರಲ್ಲಿ. ಐದನೇ ಕಾಯಿದೆಯಿಂದ ಲೆಕ್ಕ ಹಾಕಿ, 133 ವರ್ಷ.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಅದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ಚೋಮನಿಗೆ ಗದ್ದೆ ಸಿಗಲಿಲ್ಲ ಎಂಬುದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಅವನ ಮಕ್ಕಳು ಊರು ಬಿಡುವುದನ್ನು ಗಮನಿಸಿ. ಅವರು ಹೋಗುವುದು ಓದಲಿಕ್ಕಲ್ಲ. ಅಪ್ಪನ ಸಾಲ ತೀರಿಸಲಿಕ್ಕೆ, ಘಟ್ಟದ ಮೇಲಿನ ಕಾಫಿ ತೋಟಕ್ಕೆ. ನಮ್ಮವರಿಗೆ ತೆರೆದಿದ್ದ ದಾರಿ ಅದೊಂದೇ. ಬೆಳ್ತಂಗಡಿಯಿಂದ ಚಾರ್ಮಾಡಿ ಹತ್ತಿದರೆ ತೋಟ, ತೋಟದಲ್ಲಿ ಚಳಿಜ್ವರ. ಅದೇ ಚಾರ್ಮಾಡಿಯ ದಾರಿಯಲ್ಲಿ ಮುಂದೆ ನಮ್ಮ ಹುಡುಗರು ಟ್ರಂಕು ಹೊತ್ತು ಮೈಸೂರಿಗೂ ಬೆಂಗಳೂರಿಗೂ ಹೋದರು. ದಾರಿ ಅದೇ, ಹೋಗುವ ಕಾರಣ ಬದಲಾಯಿತು. ಆ ಬದಲಾವಣೆಯೇ ನಮ್ಮ ಚರಿತ್ರೆ.

ಅದೇ ಕಾಲದಲ್ಲಿ ಉಳಿದವರು ಹೇಗೆ ಹೋದರು ಎಂಬುದನ್ನೂ ನೋಡಬೇಕು. ಮಂಗಳೂರಿಗೆ ಬಾಸೆಲ್ ಮಿಶನಿನವರು ಬಂದದ್ದು 1834ರಲ್ಲಿ. ಹತ್ತು ವರ್ಷ ಕಳೆದು ಅಲ್ಲಿ ಕ್ರೈಸ್ತನಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1846ರಲ್ಲಿ ಓದಲಿಕ್ಕೆ ಸಮುದ್ರ ದಾಟಿ ಬಾಸೆಲಿಗೇ ಹೋದರು. ಮಕ್ಕಳ ಕವಿ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಬಡತನದಲ್ಲೇ ಮಂಗಳೂರಿಗೆ ಹೋಗಿ ಓದಿ ಮೇಷ್ಟ್ರಾದರು, ಇನ್‌ಸ್ಪೆಕ್ಟರಾದರು. ಇವರನ್ನು ನಾವು ಹೀಗಳೆಯುವುದಿಲ್ಲ. ಮೇಲುಜಾತಿಯಲ್ಲೂ ಬಡವರಿದ್ದರು, ಹಸಿದವರಿದ್ದರು. ಆದರೆ ಅವರ ಹಸಿವಿಗೆ ಒಂದು ವ್ಯವಸ್ಥೆ ಇತ್ತು. ಅದರ ಹೆಸರು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ವಾರಕ್ಕೆ ಏಳು ಮನೆ. ಅದು ಸಾಲದಿದ್ದರೆ ಮಠದ ಪಂಕ್ತಿ, ದೇವಸ್ಥಾನದ ಛತ್ರ. ಬಡ ಬ್ರಾಹ್ಮಣನ ಹುಡುಗ ಅವಮಾನ ನುಂಗಿ ಉಂಡಿರಬಹುದು, ಉಂಡದ್ದಂತೂ ಹೌದು. ನಮ್ಮ ಹುಡುಗನಿಗೆ ಏಳು ಮನೆ ಎಲ್ಲಿಂದ ಬರಬೇಕು? ಅವನು ಅಂಗಳಕ್ಕೆ ಬಂದರೆ ಅಂಗಳ ಮೈಲಿಗೆ.

ಪುಸ್ತಕದ ಕತೆಯೂ ಇದೇ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಳ, ಜಯಧವಳಗಳ ತಾಳೆಗರಿಗಳು ನೂರಾರು ವರ್ಷ ಬೀಗದಲ್ಲಿದ್ದವು. ದೂರದಿಂದ ಬಂದ ಜೈನ ಯಾತ್ರಿಕರಿಗೂ ದರ್ಶನ ಮಾತ್ರ, ಓದಲಿಕ್ಕೆ ಇಲ್ಲ. ಪ್ರತಿ ತೆಗೆಯುವ ಕೆಲಸ ಶುರುವಾದದ್ದೇ ಹತ್ತೊಂಬತ್ತನೇ ಶತಮಾನದ ಕೊನೆಗೆ. ತಮ್ಮವರಿಗೇ ಪುಸ್ತಕವನ್ನು ಪೂಜೆಗೆ ಇಟ್ಟ ಊರು ನಮಗೆ ಓದಲಿಕ್ಕೆ ಕೊಡುತ್ತಿತ್ತೆ? ಇವತ್ತು ಅದೇ ಮೂಡುಬಿದಿರೆ ಕಾಲೇಜುಗಳ ಪೇಟೆ, ಹಾಸ್ಟೆಲುಗಳ ಪೇಟೆ. ಬೀಗ ತೆಗೆಯಿತು, ಸರಿ. ಆದರೆ ಈಗ ಫೀಸು ಎಂಬ ಬೇರೆ ಬೀಗ ಬಿದ್ದಿದೆ.

ಬಾಗಿಲು ಮೊದಲು ತೆಗೆದವರ ಹೆಸರು ಹೇಳಬೇಕು. ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತರು, ಮಂಗಳೂರಿನಲ್ಲಿ ವಕೀಲರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಸ್ವಂತ ಜಾತಿಯವರು ಅವರನ್ನು ಹೊರಗೆ ಹಾಕಿದರು. ಇಲ್ಲಿ ಕಲಿಸಲಿಕ್ಕೆ ಮೇಲುಜಾತಿಯ ಮೇಷ್ಟ್ರುಗಳು ಬರುವುದೇ ಕಷ್ಟವಾಗಿತ್ತು, ಕ್ರೈಸ್ತ ಮೇಷ್ಟ್ರುಗಳು ಬಂದು ಕಲಿಸಿದರು. ರಂಗರಾಯರಿಗೆ ಒಂದು ಸಂಗತಿ ಗೊತ್ತಿತ್ತು. ಅಕ್ಷರ ಮಾತ್ರ ಕೊಟ್ಟರೆ ಮಗು ನಿಲ್ಲುವುದಿಲ್ಲ. ಆದ್ದರಿಂದ ಶಾಲೆಯ ಜತೆಗೆ ವಿದ್ಯಾರ್ಥಿನಿಲಯ, ನೇಯ್ಗೆಯಂಥ ಕೈಕಸುಬು, ಮನೆ ಕಟ್ಟಿಕೊಳ್ಳಲಿಕ್ಕೆ ಜಾಗ ಎಲ್ಲವನ್ನೂ ಕೂಡಿಸಿದರು. 1928ರಲ್ಲಿ ತೀರಿಕೊಂಡರು. ಓದಿದ ದಲಿತ ಮಗು ಮುಂದೆ ಒಂದು ದಿನ ವಾಹನದಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ಬಿದ್ದರೆ ಜನ್ಮ ಸಾರ್ಥಕ ಎಂಬ ಅವರ ಆಸೆಯನ್ನು ಮಂಗಳೂರಿನ ಅವರ ಸಮಾಧಿಯಲ್ಲಿ ಕೆತ್ತಿದ್ದಾರೆ. ದಯೆಯಿಂದ ಜಾತಿ ನಾಶವಾಗುವುದಿಲ್ಲ ಎಂದು ವಾದಿಸುವ ಗೆಳೆಯರು ನಮ್ಮಲ್ಲಿದ್ದಾರೆ, ಆ ವಾದದಲ್ಲಿ ನಾನೂ ಇದ್ದೇನೆ. ಆದರೆ ರಂಗರಾಯರ ಕೆಲಸ ಬರೀ ದಯೆಯಲ್ಲ. ಧಣಿಯ ಜಾಗದಲ್ಲಿಲ್ಲದ ಒಂದು ಸೂರಿನ ಕೆಳಗೆ ನಮ್ಮ ಮಗುವನ್ನು ಮಲಗಿಸಿದ್ದೇ ಅವರ ದೊಡ್ಡ ಕೆಲಸ.

ಇದನ್ನು ನಮ್ಮೊಳಗಿನಿಂದಲೇ ಬಂದು ಅರ್ಥ ಮಾಡಿಕೊಂಡವರು ಬಾಬಾಸಾಹೇಬರು. 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ನವಲ್ ಭತೇನಾ ಎಂಬ ಪಾರ್ಸಿ ಹುಡುಗನ ಜತೆ ಇದ್ದರು. ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಪರದೇಶದ ಪದವಿ ಹೊತ್ತು 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರೆ ಇಡೀ ಪೇಟೆಯಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಜಾತಿ ಮರೆಮಾಚಿ ಉಳಿದರು. ಗುರುತು ಸಿಕ್ಕಿದ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಗೆಳೆಯರೇ, ಇದನ್ನು ಕಣ್ಣೀರಿನ ಕತೆಯಾಗಿ ಓದಬೇಡಿ. ಇದರಿಂದ ಅವರು ಕಲಿತ ಪಾಠ ನೋಡಿ. ಬಹಿಷ್ಕೃತ ಹಿತಕಾರಿಣಿ ಸಭಾ 1924ರಲ್ಲಿ ಹುಟ್ಟಿತು. ಅದರ ಮೊದಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೊಲ್ಲಾಪುರದಲ್ಲಿ ತೆರೆದ ಹಾಸ್ಟೆಲು. ಕೊಲ್ಲಾಪುರದ ಶಾಹು ಮಹಾರಾಜರು ಅದಕ್ಕೂ ಮೊದಲೇ, 1908ರಲ್ಲೇ, ಅಸ್ಪೃಶ್ಯ ಹುಡುಗರಿಗೆ ಹಾಸ್ಟೆಲು ಮಾಡಿದ್ದರು. ವೈಸರಾಯರ ಸಭೆಯಲ್ಲಿ ಅಂಬೇಡ್ಕರ್ ಸದಸ್ಯರಾಗಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಮ್ಮ ಹುಡುಗರ ಬ್ಯಾಂಕು ಖಾತೆಗೆ ಬರುವ ದುಡ್ಡಿನ ಬೇರು ಅಲ್ಲಿದೆ. ಅದು ಯಾರೂ ಹಾಕಿದ ಭಿಕ್ಷೆಯಲ್ಲ, ಕೇಳಿ ಪಡೆದದ್ದು.

ನಮ್ಮ ಜಿಲ್ಲೆ 1956ರ ವರೆಗೆ ಮದರಾಸಿಗೆ ಸೇರಿತ್ತು. ವಿಶ್ವವಿದ್ಯಾಲಯ ಎಂದರೆ ಮದರಾಸು. ಆಮೇಲೆ ಮೈಸೂರು. ಮೂಡುಬಿದಿರೆಯ ಮಹಾವೀರ, ಉಜಿರೆಯ ಎಸ್‌ಡಿಎಂ, ಬಂಟ್ವಾಳದ ಎಸ್‌ವಿಎಸ್ ಕಾಲೇಜುಗಳು ಹುಟ್ಟಿದ್ದು 1960ರ ದಶಕದಲ್ಲಿ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದೇ 1980ರಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಾಯಿತು. ಹೀಗೆ ವಿಶ್ವವಿದ್ಯಾಲಯ ಘಟ್ಟ ಇಳಿದು ನಮ್ಮ ಹತ್ತಿರ ಬಂತು. ಆದರೆ ಹತ್ತಿರ ಬಂದ ಮಾತ್ರಕ್ಕೆ ನಮ್ಮದಾಯಿತೆ? ಮಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ 'ಬಂಟ್ಸ್ ಹಾಸ್ಟೆಲ್' ಎಂದು ಕೂಗುವುದನ್ನು ನೀವು ಕೇಳಿರಬಹುದು. ಒಂದು ಸಮುದಾಯ ತನ್ನ ಮಕ್ಕಳಿಗೆ ಕಟ್ಟಿಸಿದ ಸೂರು ಇವತ್ತು ಒಂದು ಬಸ್‌ಸ್ಟಾಪಿನ ಹೆಸರು. ನೆಲ ಇದ್ದವರು ಕಟ್ಟಿಸಿದರು, ತಪ್ಪೇನಿಲ್ಲ. ನೆಲವೇ ಇಲ್ಲದವರು ಎಲ್ಲಿ ಕಟ್ಟಿಸಬೇಕು?

ಇಲ್ಲಿ ನೆಲದ ಮಾತು ಬರಲೇಬೇಕು. 1974ರ ಭೂಸುಧಾರಣೆಯಿಂದ ಈ ಜಿಲ್ಲೆಯ ಸಾವಿರಾರು ಗೇಣಿದಾರರಿಗೆ ಗದ್ದೆ ಬಂತು. ಅದು ದೊಡ್ಡ ಬದಲಾವಣೆ, ಅಲ್ಲಗಳೆಯಲಾರೆ. ಆದರೆ ಗೇಣಿ ಚೀಟಿಯೇ ಇಲ್ಲದ ಮೇರ, ಮನ್ಸ, ಮುಂಡಾಲ, ಕೊರಗರಿಗೆ ಬಂದದ್ದೇನು? ಕೂಲಿಯಾಳು ತಾನಿದ್ದ ಗುಡಿಸಲಿನ ಅಡಿಸ್ಥಳ ಪಡೆಯಬಹುದು ಎಂದು ಕಾಯಿದೆಯಲ್ಲಿತ್ತು. ಹೆಚ್ಚಿನವರಿಗೆ ಸಿಕ್ಕಿದರೆ ಅಷ್ಟೇ ಸಿಕ್ಕಿತು. ಅಷ್ಟಾದರೂ ಅದರ ಬೆಲೆ ಚಿಕ್ಕದಲ್ಲ. ಗುಡಿಸಲು ಧಣಿಯ ಜಾಗದಲ್ಲಿ ಇರುವ ತನಕ "ಮಗನನ್ನು ಓದ್ಲಿಕ್ಕೆ ಕಳಿಸಿದ್ರೆ ಗದ್ದೆಗೆ ಯಾರು ಇಳಿಯುದು?" ಎಂದು ಧಣಿ ಕೇಳಿದರೆ ಅಪ್ಪನಿಗೆ ಉತ್ತರವಿಲ್ಲ. ಅಡಿಸ್ಥಳ ನಮ್ಮ ಹೆಸರಿಗೆ ಆದ ದಿನ ಆ ಪ್ರಶ್ನೆಗೆ ಬಾಯಿ ಬಂತು. ಐದು ಸೆಂಟ್ಸ್ ಜಾಗಕ್ಕೂ ವಿಶ್ವವಿದ್ಯಾಲಯದ ಪದವಿಗೂ ಇರುವ ಸಂಬಂಧ ಇದು.

ಎರಡನೆಯ ಸಂಬಂಧ ಬೀಡಿಯದ್ದು. ಈ ಮೂರು ತಾಲೂಕುಗಳಲ್ಲಿ ಮೊದಲ ತಲೆಮಾರಿನ ಪದವೀಧರರ ಚರಿತ್ರೆ ಬರೆಯುವವರು ಬೀಡಿ ಸೂಪನ್ನು ಮುಖಪುಟದಲ್ಲಿ ಇಡಬೇಕು. ಗದ್ದೆಯ ಕೂಲಿ ಅಕ್ಕಿಯಾಗಿ ಬರುತ್ತಿತ್ತು, ಉಂಡು ಮುಗಿಯುತ್ತಿತ್ತು. ಬೀಡಿ ಬ್ರಾಂಚಿನಲ್ಲಿ ಕೈಗೆ ನಗದು ಬಂತು, ಅದೂ ಹೆಂಗಸಿನ ಕೈಗೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬೆನ್ನು ಬಾಗಿಸಿ ಕೂತ ಅಮ್ಮಂದಿರು ಹುಡುಗರ ಬಸ್ ಚಾರ್ಜು ಕೊಟ್ಟರು. 1966ರ ಬೀಡಿ ಕಾರ್ಮಿಕರ ಕಾಯಿದೆ, 1976ರ ಕಲ್ಯಾಣ ನಿಧಿ ಕಾಯಿದೆ ಎರಡೂ ಹೋರಾಟದಿಂದ ಬಂದವು. ಆ ನಿಧಿಯಿಂದ ಬೀಡಿ ಕಟ್ಟುವವರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿತು. ನನ್ನ ಪುಸ್ತಕಗಳಿಗೂ ಹೊಗೆಸೊಪ್ಪಿನ ವಾಸನೆ ಇತ್ತು. ನಮ್ಮ ಮನೆಯಲ್ಲಿ ಪದವಿಯ ಕಾಗದ ಕಂಡ ಮೊದಲನೆಯವ ನಾನು. ಆ ಕಾಗದದ ಮೇಲಿನ ಸಹಿ ಕುಲಪತಿಯದ್ದು, ಅದರ ಖರ್ಚು ಅಮ್ಮನದ್ದು.

ಇನ್ನು ಹಾಸ್ಟೆಲು. ಸರಕಾರದ ಸಮಾಜ ಕಲ್ಯಾಣ ಹಾಸ್ಟೆಲುಗಳ ಬಗ್ಗೆ ತಮಾಷೆ ಮಾಡುವವರು ತುಂಬಾ ಜನ. ನೀರು ಸಾಂಬಾರು, ಹುಳದ ಅಕ್ಕಿ, ಒಂದು ಬಲ್ಬಿಗೆ ಹತ್ತು ಹುಡುಗರು. ಎಲ್ಲವೂ ಸತ್ಯವೇ. ಕರಾವಳಿಯ ಹುಡುಗ ಕುಚ್ಚಲಕ್ಕಿ ಗಂಜಿ ಬಿಟ್ಟು ಮೈಸೂರಿನ ಹಾಸ್ಟೆಲಿಗೆ ಹೋಗಿ ಮುದ್ದೆ ಕಂಡು, "ಇದನ್ನು ಅಗಿಯುದಾ, ನುಂಗುದಾ?" ಎಂದು ಕೇಳಿದ್ದೂ ಉಂಟು. ಆದರೆ ಅದೇ ಹಾಸ್ಟೆಲಿನಲ್ಲಿ ಕರಾವಳಿಯ ಮನ್ಸರ ಹುಡುಗ ಕೋಲಾರದ, ಗುಲ್ಬರ್ಗದ ಹುಡುಗನನ್ನು ಕಂಡ. ಊರಿನಲ್ಲಿ ತನ್ನ ಹಣೆಬರಹ ಎಂದುಕೊಂಡಿದ್ದು ರಾಜ್ಯದ ತುಂಬಾ ಇದೆ ಎಂದು ತಿಳಿದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದಾಗ ಏನಾಯಿತು? ರಾಜ್ಯದ ಹಲವು ಕಡೆ ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು, ಹಾಸ್ಟೆಲುಗಳಿಗೆ ಕಲ್ಲು ಬಿತ್ತು. ಮಂತ್ರಿಯ ಕುರ್ಚಿ ಹೋಯಿತು. ಆದರೆ ಕಲ್ಲು ಬಿದ್ದ ಕಡೆ ಹುಡುಗರು ಒಟ್ಟಾದರು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಆ ಕಾವಿನಲ್ಲಿ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಉಂಡು ಬೆಳೆದ ಹುಡುಗ ಸಿದ್ಧಲಿಂಗಯ್ಯ ಕವಿಯಾದ. ಹಾಸ್ಟೆಲಿನ ಅನ್ನ ತೆಳ್ಳಗಿತ್ತು, ಅದನ್ನು ಉಂಡವರ ದನಿ ತೆಳ್ಳಗಿರಲಿಲ್ಲ.

ಹೀಗೆ ಹೇಳಿದರೆ ಎಲ್ಲ ಮುಗಿಯಿತು, ಹಕ್ಕು ಬಂತು, ಇನ್ನು ಹಾಸಿಗೆ ಕಟ್ಟಿದರಾಯಿತು ಎಂದು ತಿಳಿಯಬಾರದು. ಬೆಳ್ತಂಗಡಿ ತಾಲೂಕಿನ ಕುತ್ಲೂರು ಕುದುರೆಮುಖದ ಕಾಡಂಚಿನ ಊರು. ಅಲ್ಲಿನ ಮಲೆಕುಡಿಯ ಸಮುದಾಯದ ವಿಠಲ ಮಲೆಕುಡಿಯ ಕೊಣಾಜೆಗೆ ಹೋಗಿ ಹಾಸ್ಟೆಲಿನಲ್ಲಿದ್ದು ಪತ್ರಿಕೋದ್ಯಮ ಓದುತ್ತಿದ್ದರು. 2012ರ ಮಾರ್ಚಿನಲ್ಲಿ ಅವರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಹಿಡಿದರು, ಯುಎಪಿಎ ಹಾಕಿದರು. ಸಾಕ್ಷ್ಯ ಎಂದು ತೋರಿಸಿದ್ದರಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಕರ್ಯ ಕೇಳಿದ ಪತ್ರ ಇದ್ದವು. ಅಪ್ಪ ಮಗ ಇಬ್ಬರೂ ನಿರ್ದೋಷಿಗಳು ಎಂದು ಮಂಗಳೂರಿನ ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ! ಅಷ್ಟರಲ್ಲಿ ಅವರು ಓದು ಮುಗಿಸಿ ಪತ್ರಕರ್ತರಾಗಿದ್ದರು, ಅದು ಅವರ ಗಟ್ಟಿತನ. ಮೇಲುಜಾತಿಯ ಹುಡುಗನ ಕೋಣೆಯಲ್ಲಿದ್ದರೆ ಭಗತ್ ಸಿಂಗ್ ದೇಶಭಕ್ತ, ಕಾಡಿನ ಹುಡುಗನ ಮನೆಯಲ್ಲಿದ್ದರೆ ಪುರಾವೆ.

ಹೈದರಾಬಾದಿನದು ಎಲ್ಲರಿಗೂ ಗೊತ್ತು. ರೋಹಿತ್ ವೇಮುಲ ಮತ್ತು ಗೆಳೆಯರನ್ನು ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು ಬಯಲಿನಲ್ಲಿ ಡೇರೆ ಹಾಕಿ ಮಲಗಿದರು. 2016ರ ಜನವರಿ 17ರಂದು ರೋಹಿತ್ ನಮ್ಮನ್ನು ಬಿಟ್ಟು ಹೋದ. 1917ರ ಬರೋಡದಲ್ಲಿ ಕೋಣೆಯಿಂದ ಹೊರಗೆ, 2016ರ ಹೈದರಾಬಾದಿನಲ್ಲೂ ಕೋಣೆಯಿಂದ ಹೊರಗೆ. ನಡುವೆ ಸಂವಿಧಾನ ಬಂದಿತ್ತು. ದೆಹಲಿಯ ಏಮ್ಸ್‌ನಲ್ಲಿ ನಮ್ಮ ವಿದ್ಯಾರ್ಥಿಗಳು ಕಿರುಕುಳ ತಾಳದೆ ಹಾಸ್ಟೆಲಿನ ಕೆಲವೇ ಮಹಡಿಗಳಿಗೆ ಸರಿದುಹೋದದ್ದನ್ನು 2007ರಲ್ಲೇ ಥೋರಟ್ ಸಮಿತಿ ಬರೆದಿತ್ತು. ಊರಿನ ಕೇರಿ ಅಲ್ಲಿ ಮಹಡಿಯಾಗಿತ್ತು.

ಹಾಗಾದರೆ ಮಗುವನ್ನು ಹೇಗೆ ಸಿದ್ಧ ಮಾಡುವುದು? ಇದು ಮನೆಯ ಕೆಲಸ ಎಂದು ಬಿಟ್ಟುಬಿಡುವವರು ನಮ್ಮ ಮನೆಗಳನ್ನು ಕಂಡವರಲ್ಲ. ಅಪ್ಪ ಅಮ್ಮ ಕೊಡುವುದನ್ನು ಕೊಟ್ಟಾಗಿದೆ. ಇನ್ನು ಉಳಿದದ್ದು ಊರಿನ ಮೇಷ್ಟ್ರದ್ದು, ಸಂಘಟನೆಯದ್ದು, ಮೊದಲು ಹೋಗಿ ಬಂದ ನಮ್ಮದು. ಪಿಯುಸಿ ಫಲಿತಾಂಶಕ್ಕೆ ಕಾಯದೆ ಜಾತಿ, ಆದಾಯದ ಸರ್ಟಿಫಿಕೇಟು ಮಾಡಿಸಬೇಕು, ನಾಡಕಚೇರಿಗೆ ಯಾರಾದರೂ ಜತೆಗೆ ಹೋಗಬೇಕು. ಹಾಸ್ಟೆಲಿನ ಅರ್ಜಿಗೂ ವಿದ್ಯಾರ್ಥಿವೇತನದ ಅರ್ಜಿಗೂ ಕೊನೆಯ ದಿನ ಯಾವುದೆಂದು ಶಾಲೆಯ ಗೋಡೆಯ ಮೇಲೆ ಬರೆಯಬೇಕು. ಸರಕಾರದ ದುಡ್ಡು ಶುರುವಿನಲ್ಲಿ ಬರುವುದಿಲ್ಲ, ಮೊದಲ ಮೂರು ತಿಂಗಳ ಖರ್ಚಿಗೆ ಊರಿನಲ್ಲಿ ಒಂದು ಡಬ್ಬ ಇಡಬೇಕು. ಹೋಗುವ ಪೇಟೆಯಲ್ಲಿ ನಮ್ಮವನೊಬ್ಬನ ಹೆಸರು, ಫೋನ್ ನಂಬರು ಮಗುವಿನ ಕಿಸೆಯಲ್ಲಿರಬೇಕು. ಹೆಣ್ಣುಮಗಳಾದರೆ "ಒಬ್ಬಳೇ ಹೇಗೆ ಕಳಿಸುದು, ಒಳ್ಳೆ ಸಂಬಂಧ ಬಂದಿದೆ" ಎನ್ನುವ ಮಾವಂದಿರ ಮುಂದೆ ಕೂತು ಮಾತಾಡುವ ಕೆಲಸವೂ ಉಂಟು. ಅದನ್ನು ಹುಡುಗಿ ಒಬ್ಬಳೇ ಮಾಡಲಾರಳು.

ಭಾಷೆಯ ಮಾತೂ ಉಂಟು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷು. ಮೂರನೆಯ ಮೆಟ್ಟಿಲಿನಲ್ಲಿ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದವನನ್ನು ದಡ್ಡ ಎನ್ನುತ್ತಾರೆ. ಎರಡು ಭಾಷೆ ಬಲ್ಲವನಿಗೆ ಮೂರನೆಯದು ಕಲಿಯಲಿಕ್ಕೆ ಬೇಕಾದ್ದು ಸಮಯ ಮಾತ್ರ ಎಂದು ಹೊರಡುವ ಮೊದಲೇ ಹೇಳಿ ಕಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ "ನಿಂದು ಯಾವ ಬರಿ? ಮನೆತನ ಯಾವುದು?" ಎಂಬ ನಯವಾದ ಪ್ರಶ್ನೆಗೆ ಉತ್ತರ ಕಲಿಸಿ. ಸುಳ್ಳು ಹೇಳಿ ಕೋಣೆ ಪಡೆದವನಿಗೆ ಆ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ. ಜಾತಿ ಕೇಳುವವನಿಗೆ ನಾಚಿಕೆ ಆಗಬೇಕು, ಹೇಳುವವನಿಗಲ್ಲ. ತಾರತಮ್ಯ ಕಂಡರೆ ದೂರು ಕೊಡುವ ವ್ಯವಸ್ಥೆ ಇರಬೇಕು ಎಂದು ಯುಜಿಸಿ 2012ರಲ್ಲಿ ನಿಯಮ ಮಾಡಿತು. ಹೋದ ಮೊದಲ ವಾರವೇ ಆ ಅಧಿಕಾರಿಯ ಕೋಣೆ ಎಲ್ಲಿದೆ ಎಂದು ಹುಡುಕಿ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಕೇಳಲಿ.

ಕೊನೆಗೆ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ನಿಮ್ಮ ಊರಿನ ಕೇರಿಯಿಂದ ಮೊದಲು ಹಾಸ್ಟೆಲಿಗೆ ಹೋದವರು ಯಾರು, ಯಾವ ವರ್ಷ, ಯಾರು ಟ್ರಂಕು ಕೊಟ್ಟರು, ಯಾರು ಬಸ್ಸಿಗೆ ದುಡ್ಡು ಕೊಟ್ಟರು, ಅರ್ಧಕ್ಕೆ ಬಿಟ್ಟು ಬಂದವರು ಯಾಕೆ ಬಂದರು ಎಂದು ಕೇಳಿ ಬರೆದಿಡಿ. ಗುತ್ತುಗಳ ಚರಿತ್ರೆ ತಾಮ್ರಪಟದಲ್ಲಿದೆ, ಬಸದಿಯದು ಶಾಸನದಲ್ಲಿದೆ. ನಮ್ಮದು ಹಾಸ್ಟೆಲುಗಳ ಹಳೆಯ ಹಾಜರಿ ಪುಸ್ತಕಗಳಲ್ಲಿ, ಗೆದ್ದಲು ತಿನ್ನುತ್ತಾ ಇದೆ. ಆ ಹೆಸರುಗಳನ್ನು ಮುಂದಿನ ವರ್ಷ ಹೊರಡುವ ಮಗುವಿಗೆ ಓದಿ ಹೇಳಿ. ತಾನು ಮೊದಲನೆಯವನಲ್ಲ ಎಂದು ತಿಳಿದು ಹೋದ ಮಗು ಅಷ್ಟು ಸುಲಭಕ್ಕೆ ಹಿಂದೆ ಬರುವುದಿಲ್ಲ.